ಏನು ಬಿಡ್ತೀರಿ? ಬಿಬಿಎ, ಎಂಬಿಎ ಪ್ರಾಜೆಕ್ಟ್‌ನಲ್ಲಿ ಸರಕು, ಬೆಲೆ, ಮಾರುಕಟ್ಟೆ ಆರಿಸುವ ಬಗೆ

ನನ್ನ ಎಂಬಿಎ ವೈವಾ ಇನ್ನೂ ನೆನಪಿದೆ. ನಾವು ನಾಲ್ಕು ಜನ ಸೇರಿ ಜೋಳದ ರೊಟ್ಟಿ ವ್ಯಾಪಾರದ ಯೋಜನೆ ಬರೆದಿದ್ದೆವು. ಮೆತ್ತನೆ ರೊಟ್ಟಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಎಲ್ಲವೂ ಅದರಲ್ಲಿತ್ತು. ಬೆಲೆ ಎಲ್ಲರಿಗಿಂತ ಕಡಿಮೆ, ರುಚಿ ಎಲ್ಲರಿಗಿಂತ ಜಾಸ್ತಿ. ಕಲಬುರಗಿಯಲ್ಲೂ ಮಾರಾಟ, ಬೆಂಗಳೂರಲ್ಲೂ ಮಾರಾಟ, ಆನ್‌ಲೈನ್ ಅಂತೂ ಇದ್ದೇ ಇತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿ ಹಾಕಿ ಕನ್ನಡಕ ತೆಗೆದರು. "ಎಲ್ಲಾ ಮಾಡ್ತೀವಿ ಅಂತ ಬರ್ದೀರಿ, ಛಲೋ ಆತು. ಬಿಡೋದು ಏನೇನು, ಅದನ್ನ ಹೇಳ್ರಿ" ಎಂದರು. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು.

ಈಗ ನಾನು ಮೇಜಿನ ಆಚೆ ಬದಿಗೆ ಕೂರುತ್ತೇನೆ. ಪ್ರತಿ ವರ್ಷ ಅದೇ ರಿಪೋರ್ಟ್ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ಹುಡುಗರಿಗೆ ಸೂತ್ರ ಗೊತ್ತಿರುತ್ತದೆ, ವ್ಯಾಪಾರ ತಂತ್ರದ ಪಾಠದ ಅನ್ಸಾಫ್ ಗೊತ್ತು, ಪೋರ್ಟರ್ ಗೊತ್ತು. ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ಒಂದನ್ನು ಕೈಬಿಡುವುದು ಮಾತ್ರ ಬರುವುದಿಲ್ಲ. ಅದಕ್ಕೆ ಆ ಹಳೆಯ ರೊಟ್ಟಿಯನ್ನೇ ಇಟ್ಟುಕೊಂಡು ಒಂದೊಂದೇ ಆಯ್ಕೆಯನ್ನು ಹೋಲಿಸಿ ತೋರಿಸುತ್ತೇನೆ. ರೊಟ್ಟಿಯ ಲೆಕ್ಕದ ಅಂಕಿಗಳು ಪಾಠಕ್ಕೆಂದು ನಾನೇ ಹಾಕಿಕೊಂಡವು. ರೊಟ್ಟಿ ಬಡಿಯುವುದು ಆರು ಜನ ಹೆಣ್ಣುಮಕ್ಕಳ ಒಂದು ಸ್ವಸಹಾಯ ಸಂಘ ಎಂದು ಹಿಡಿದಿದ್ದೇನೆ. ನಿಮ್ಮ ಪ್ರಾಜೆಕ್ಟ್‌ಗೆ ಬೇಕಾದ ಅಂಕಿಗಳನ್ನು ನೀವೇ ಗಂಜ್‌ಗೆ (ಧಾನ್ಯದ ಸಗಟು ಮಾರುಕಟ್ಟೆಗೆ), ಅಂಗಡಿಗೆ ಹೋಗಿ ಕೇಳಿಕೊಂಡು ಬನ್ನಿ.

ಯಾವ ಸರಕು?

ಮೆತ್ತನೆ ರೊಟ್ಟಿಯ ಆಯುಷ್ಯ ಒಂದು ದಿನ. ಬೆಳಿಗ್ಗೆ ಬಡಿದದ್ದು ರಾತ್ರಿ ಹೊತ್ತಿಗೆ ಬಿರುಸಾಗುತ್ತದೆ. ಹಾಗಾಗಿ ಗಿರಾಕಿ ಎರಡು ಮೂರು ಕಿಲೋಮೀಟರ್ ಒಳಗೇ ಇರಬೇಕು. ಹಾಸ್ಟೆಲ್, ಖಾನಾವಳಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು. ದುಡ್ಡು ದಿನಾ ಕೈಗೆ ಬರುತ್ತದೆ, ಅದು ಇದರ ದೊಡ್ಡ ಲಾಭ. ಉಳಿದ ರೊಟ್ಟಿ ಮಾತ್ರ ಅಂದಿನ ನಷ್ಟ. "ಉಳಿದದ್ದನ್ನು ಕಡಕ್ ಮಾಡಿ ಮಾರುತ್ತೇವೆ" ಎಂದು ಬರೆಯುವವರು ಬಹಳ. ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವನನ್ನು ಒಮ್ಮೆ ಕೇಳಿ ನೋಡಿ. ಕಡಕ್ ರೊಟ್ಟಿಯನ್ನು ಮೊದಲಿನಿಂದಲೇ ತೆಳ್ಳಗೆ ಬಡಿಯಬೇಕು. ದಪ್ಪ ರೊಟ್ಟಿ ಒಣಗಿಸಿದರೆ ಅದು ಹಲ್ಲಿಗೆ ಪರೀಕ್ಷೆ, ಅಷ್ಟೇ.

ಕಡಕ್ ರೊಟ್ಟಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಇರುತ್ತದೆ. ಅಂದರೆ ಪುಣೆಗೂ ಹೋಗಬಹುದು, ಹೈದರಾಬಾದಿಗೂ ಹೋಗಬಹುದು. ಇದರ ವೈರಿ ಹಳಸುವುದಲ್ಲ, ಮುರಿಯುವುದು. ಶೇಂಗಾ ಹಿಂಡಿ ಮುರಿಯುವುದೂ ಇಲ್ಲ, ಜಾಗವನ್ನೂ ತಿನ್ನುವುದಿಲ್ಲ. ಆದರೆ ಎಣ್ಣೆ ಅಂಶ ಇರುವುದರಿಂದ ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ.

ಇನ್ನು ತೊಗರಿ ಬೇಳೆ. ಕಲಬುರಗಿ ಎಂದ ತಕ್ಷಣ ಅರ್ಧ ತರಗತಿ ಇದನ್ನೇ ಹಿಡಿಯುತ್ತದೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹಾಗಾಗಿ ಬ್ರ್ಯಾಂಡ್ ಪುಕ್ಕಟೆ ಸಿಕ್ಕಿತು ಎಂಬ ಲೆಕ್ಕ. ಜಿಐ ಹಾಗೆ ಪುಕ್ಕಟೆ ಬರುವುದಿಲ್ಲ. ಆ ಹೆಸರನ್ನು ಬಳಸಲು ಅಧಿಕೃತ ಬಳಕೆದಾರರೆಂದು ನೋಂದಣಿ ಆಗಬೇಕು. ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿಯ ಆಸುಪಾಸಿನಲ್ಲಿ. ಆಗ ಕೊಂಡು ಇಟ್ಟುಕೊಳ್ಳಬೇಕಾದರೆ ದುಡ್ಡು ತಿಂಗಳುಗಟ್ಟಲೆ ಮೂಟೆಯಲ್ಲಿ ಕೂರುತ್ತದೆ. ಚೀಲ ಬಿಚ್ಚಿ ತೂಗಿ ಮಾರಿದರೆ ಒಂದು ಲೆಕ್ಕ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಅದು ಶೇ 5ರ ಜಿಎಸ್‌ಟಿಯ ಲೆಕ್ಕಕ್ಕೆ ಬಂದಿದೆ. ಇಷ್ಟೆಲ್ಲ ಆದ ಮೇಲೂ ಬೆಲೆ ನಿಮ್ಮ ಕೈಯಲ್ಲಿಲ್ಲ, ನೆಹರು ಗಂಜಿನ ಅವತ್ತಿನ ದರದ ಕೈಯಲ್ಲಿದೆ. ದೊಡ್ಡ ಬಂಡವಾಳ ಇದ್ದವರಿಗೆ ಒಳ್ಳೆಯ ವ್ಯಾಪಾರ. ಆರು ಜನ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಪ್ರಾಜೆಕ್ಟ್‌ಗೆ ನಾನು ಇದನ್ನು ಆರಿಸುವುದಿಲ್ಲ.

ಕಡಕ್ ರೊಟ್ಟಿ ಹಿಡಿದೆವು ಎಂದುಕೊಳ್ಳೋಣ. ಇಲ್ಲಿ ಗಮನಿಸಿ, ಸರಕು ಆರಿಸಿದ ಗಳಿಗೆಯಲ್ಲೇ ಮಾರುಕಟ್ಟೆಯೂ ಅರ್ಧ ಆರಿಸಿ ಆಗಿದೆ. ಪ್ರಾಜೆಕ್ಟ್‌ಗಳಲ್ಲಿ ಸರಕಿಗೆ ಒಂದು ಅಧ್ಯಾಯ, ಬೆಲೆಗೆ ಒಂದು, ವಿತರಣೆಗೆ ಒಂದು ಎಂದು ಬೇರೆ ಬೇರೆ ಹುಡುಗರು ಬರೆದು ಕೊನೆಗೆ ಹೊಲಿಯುತ್ತಾರಲ್ಲ, ಹೊಲಿಗೆ ಬಿಡುವುದು ಅಲ್ಲೇ.

ಅನ್ಸಾಫ್‌ನ ನಾಲ್ಕು ಮನೆ

ಇಗೋರ್ ಅನ್ಸಾಫ್ 1957ರಲ್ಲಿ ಕೊಟ್ಟ ಈ ಚೌಕ ಎಲ್ಲರಿಗೂ ಬಾಯಿಪಾಠ. ಹಳೆ ಸರಕನ್ನು ಹಳೆ ಗಿರಾಕಿಗೇ ಜಾಸ್ತಿ ಮಾರುವುದು, ಹಳೆ ಸರಕಿಗೆ ಹೊಸ ಊರು ಹುಡುಕುವುದು, ಹಳೆ ಗಿರಾಕಿಗೆ ಹೊಸ ಸರಕು ಕೊಡುವುದು, ಎರಡೂ ಹೊಸದು.

ಮೊದಲನೆಯದು ಸುರಕ್ಷಿತ ಎಂದು ಪಾಠದಲ್ಲಿ ಇರುತ್ತದೆ. ಆದರೆ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಊರಲ್ಲಿ ರೊಟ್ಟಿ ಮಾರುವುದು ಅಷ್ಟು ಸಲೀಸಲ್ಲ. ಯಾವ ಮನೆಯಲ್ಲಿ ಬಡಿಯುವ ಕೈ ಇಲ್ಲ, ಯಾವ ಮದುವೆಗೆ ಸಾವಿರ ರೊಟ್ಟಿ ಒಟ್ಟಿಗೆ ಬೇಕು, ಅದನ್ನು ಹುಡುಕಬೇಕು. ಎರಡನೆಯದು ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋದವರ ನಾಲಿಗೆಗೆ ರೊಟ್ಟಿಯ ಪರಿಚಯ ಮಾಡಿಸಬೇಕಿಲ್ಲ. ಮೂರನೆಯದು ಹಿಂಡಿ. ಶೇಂಗಾ, ಅಗಸಿ, ಎರಡನ್ನೂ ರೊಟ್ಟಿ ಕೊಳ್ಳುವವರಿಗೇ ಕೊಡಬಹುದು.

ನಾಲ್ಕನೆಯದರ ಮೇಲೆ ಹುಡುಗರಿಗೆ ಏಕೋ ಭಾರಿ ಪ್ರೀತಿ. ಸಿರಿಧಾನ್ಯದ ಬಿಸ್ಕತ್ತು ಮಾಡಿ ಮುಂಬೈ ಜಿಮ್‌ಗಳಿಗೆ ಮಾರುವುದು, ಇಂಥದ್ದು. ಬಿಸ್ಕತ್ತು ಮಾಡಲು ಬರುವುದಿಲ್ಲ, ಜಿಮ್‌ನವರು ಗೊತ್ತಿಲ್ಲ. ಎರಡು ಗೊತ್ತಿಲ್ಲದವು ಸೇರಿದರೆ ಅಪಾಯವೂ ಎರಡು ಪಟ್ಟು. ನಾನಾದರೆ ಎರಡನೆಯದು ಮೊದಲು, ಆರು ತಿಂಗಳ ಮೇಲೆ ಮೂರನೆಯದು ಎಂದು ಬರೆಯುತ್ತೇನೆ. ನಾಲ್ಕನೆಯದನ್ನು ಏಕೆ ಬಿಟ್ಟೆವು ಎಂದು ಎರಡು ಸಾಲು ಸೇರಿಸುತ್ತೇನೆ.

ಅಗ್ಗವೋ, ಬೇರೆಯೋ?

ಮೈಕೆಲ್ ಪೋರ್ಟರ್ 1980ರಲ್ಲಿ ಹೇಳಿದ್ದು ಮೂರು ದಾರಿ. ಎಲ್ಲರಿಗಿಂತ ಕಡಿಮೆ ಖರ್ಚಲ್ಲಿ ಮಾಡು, ಇಲ್ಲವೇ ಬೇರೆಯವರ ಹತ್ತಿರ ಇಲ್ಲದ್ದನ್ನು ಕೊಡು, ಇಲ್ಲವೇ ಸಣ್ಣ ಒಂದು ಗುಂಪನ್ನು ಹಿಡಿದು ಅವರಿಗೇ ಮಾಡು. ಮೂರಕ್ಕೂ ಕೈ ಹಾಕಿದವರು ನಡುವೆ ಸಿಕ್ಕಿಬೀಳುತ್ತಾರೆ ಎಂದೂ ಹೇಳಿದರು. ನಮ್ಮ ಹಳೆಯ ರಿಪೋರ್ಟ್ ಸಿಕ್ಕಿಬಿದ್ದದ್ದು ಅಲ್ಲೇ.

ಕಡಿಮೆ ಖರ್ಚಿನ ದಾರಿಗೆ ನಿರ್ಮಾ ಉದಾಹರಣೆ ಎಲ್ಲರೂ ಬರೆಯುತ್ತಾರೆ. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಶುರು ಮಾಡಿದ್ದು, ಅಗ್ಗದ ಪುಡಿಯಿಂದಲೇ ದೊಡ್ಡ ಕಂಪನಿಗಳಿಗೆ ನಡುಕ ಹುಟ್ಟಿಸಿದ್ದು. ಸರಿಯೇ. ಆದರೆ ಸಾಬೂನು ಪುಡಿ ಹೆಚ್ಚು ಮಾಡಿದಷ್ಟೂ ಒಂದೊಂದು ಕಿಲೋದ ಖರ್ಚು ಇಳಿಯುತ್ತದೆ. ಕೈಯಲ್ಲಿ ಬಡಿಯುವ ರೊಟ್ಟಿಗೆ ಹಾಗಿಲ್ಲ. ನೂರನೇ ರೊಟ್ಟಿಗೂ ಕೂಲಿ ಅಷ್ಟೇ, ಹತ್ತು ಸಾವಿರದ ರೊಟ್ಟಿಗೂ ಅಷ್ಟೇ. ಒಮ್ಮೆ ನನ್ನ ವಿದ್ಯಾರ್ಥಿಗಳು ಒಂದು ಸಂಘದ ಹೆಣ್ಣುಮಗಳಿಗೆ, "ಅಕ್ಕೋರ, ಜಾಸ್ತಿ ಆರ್ಡರ್ ಬಂದ್ರ ರೇಟ್ ಕಡಿಮಿ ಮಾಡ್ತೀರೇನ್ರಿ?" ಎಂದು ಕೇಳಿದರು. "ಆರ್ಡರ್ ಜಾಸ್ತಿ ಆದ್ರ ರಟ್ಟಿ ನೋವು ಕಡಿಮಿ ಆಗತದೇನಪ್ಪಾ?" ಎಂದರಂತೆ ಆಕೆ. ಇಡೀ ಅಧ್ಯಾಯಕ್ಕೆ ಉತ್ತರ ಅಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಹತ್ತು ರೊಟ್ಟಿಯ ಒಂದು ಪಾಕೀಟು. ಜೋಳ 450 ಗ್ರಾಂ, ಕಿಲೋಗೆ 40 ರೂಪಾಯಿಯಂತೆ 18 ರೂಪಾಯಿ. ಕೂಲಿ 25, ಉರುವಲು 4, ಪಾಕೀಟು ಮತ್ತು ಲೇಬಲ್ 5. ಒಟ್ಟು 52 ರೂಪಾಯಿ. ಬಾಡಿಗೆ, ಲೈಟ್ ಬಿಲ್, ಲೆಕ್ಕ ಬರೆಯುವವರ ಸಂಬಳ ಸೇರಿ ತಿಂಗಳ ಸ್ಥಿರ ಖರ್ಚು 18,000. ಎಂಆರ್‌ಪಿ 90 ಇಟ್ಟು ಕಿರಾಣಿ ಅಂಗಡಿಗೆ ಹಾಕುತ್ತೇವೆ. ಅಂಗಡಿಯವರಿಗೆ ಶೇ 15, ಅಂದರೆ 13.50. ಮುಟ್ಟಿಸುವ ಖರ್ಚು 2.50. ನಮ್ಮ ಕೈಗೆ 74, ಅದರಲ್ಲಿ 52 ಕಳೆದರೆ ಸ್ಥಿರ ಖರ್ಚು ತುಂಬಲು ಉಳಿಯುವುದು, ಅಂದರೆ ಕಾಂಟ್ರಿಬ್ಯೂಷನ್, 22 ರೂಪಾಯಿ. 18,000ವನ್ನು 22ರಿಂದ ಭಾಗಿಸಿದರೆ ತಿಂಗಳಿಗೆ 819 ಪಾಕೀಟು ಮಾರಿದಾಗ ಬ್ರೇಕ್ ಈವನ್, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ.

ಈಗ ಅಗ್ಗದ ದಾರಿ ಹಿಡಿದು 80 ರೂಪಾಯಿ ಮಾಡೋಣ. ಇಳಿದದ್ದು ಬರೀ ಹತ್ತು. ಅಂಗಡಿಗೆ 12, ಸಾಗಣೆಗೆ 2.50, ನಮಗೆ 65.50. ಕಾಂಟ್ರಿಬ್ಯೂಷನ್ 13.50ಕ್ಕೆ ಬಂತು. ಬ್ರೇಕ್ ಈವನ್ 1,334 ಪಾಕೀಟು. ಬೆಲೆ ಶೇ 11 ಇಳಿಸಿದ್ದಕ್ಕೆ ಮಾರಾಟ ಶೇ 63 ಏರಬೇಕು.

ಏರುತ್ತದೆಯೇ ಎಂಬುದು ಆಮೇಲಿನ ಮಾತು. ಮೊದಲು ಮಾಡಲಿಕ್ಕೆ ಆಗುತ್ತದೆಯೇ? ಆರು ಜನ, ಒಬ್ಬೊಬ್ಬರು ದಿನಕ್ಕೆ 120 ರೊಟ್ಟಿ, ತಿಂಗಳಿಗೆ 25 ದಿನ. 1,800 ಪಾಕೀಟು, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಸಂಘಕ್ಕೆ ತಿಂಗಳಿಗೆ 10,000 ಉಳಿಯಬೇಕು ಎಂದರೆ 90 ರೂಪಾಯಿಗೆ 1,273 ಪಾಕೀಟು ಸಾಕು. 80 ರೂಪಾಯಿಗೆ 2,075 ಬೇಕು. ಅಷ್ಟು ಬಡಿಯುವ ಕೈಗಳೇ ಇಲ್ಲ. ಅಗ್ಗದ ದಾರಿ ಇಲ್ಲಿಗೆ ಮುಚ್ಚಿತು. ನೋಡಿ, ಯಾವ ಸರ್ವೆಯೂ ಬೇಕಾಗಲಿಲ್ಲ, ಕ್ಯಾಲ್ಕುಲೇಟರ್ ಸಾಕಾಯಿತು.

ಮಷೀನ್ ಕೊಂಡರೆ? ಕೂಲಿ ಇಳಿಯುತ್ತದೆ, ಸ್ಥಿರ ಖರ್ಚು ಏರುತ್ತದೆ, ಅಗ್ಗದ ದಾರಿ ಮತ್ತೆ ತೆರೆಯುತ್ತದೆ. ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ 35ರ ಸಹಾಯಧನ ಕೊಟ್ಟದ್ದೂ ಉಂಟು. ಆದರೆ ಆಗ "ಕೈಯಲ್ಲಿ ಬಡಿದ ರೊಟ್ಟಿ" ಎಂದು ಲೇಬಲ್ ಮೇಲೆ ಹಾಕುವ ಹಾಗಿಲ್ಲ. ಬೇರೆತನ ಹೋಯಿತು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಆ ಪರೀಕ್ಷಕರು ಕೇಳಿದ್ದು ಇದನ್ನೇ.

ಅಗ್ಗದ ಬೆಲೆಗೆ ಇನ್ನೊಂದು ತೊಂದರೆ ಇದೆ. ಟಾಟಾ ನ್ಯಾನೋ 2009ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಲಕ್ಷದ ಕಾರು ಎಂದೇ ಎಲ್ಲರ ಬಾಯಲ್ಲಿತ್ತು. ಅತಿ ಅಗ್ಗದ ಕಾರು ಎಂಬ ಹೆಸರೇ ಅದಕ್ಕೆ ಮುಳುವಾಯಿತು ಎಂದು ರತನ್ ಟಾಟಾ ಅವರೇ ಆಮೇಲೆ ಹೇಳಿಕೊಂಡರು. ಮನೆಗೆ ಬೀಗರು ಬಂದಾಗ ಊಟಕ್ಕಿಡುವ ರೊಟ್ಟಿಯನ್ನು "ಎಲ್ಲಕ್ಕಿಂತ ಅಗ್ಗ ಇತ್ತು, ತಂದೆ" ಎಂದು ಯಾರು ಹೇಳುತ್ತಾರೆ?

ಎಲ್ಲಿ ಮಾರುವುದು?

ಅದೇ ಪಾಕೀಟು, ಅದೇ 52 ರೂಪಾಯಿ ಖರ್ಚು. ದಾರಿ ಮಾತ್ರ ಬೇರೆ.

| ದಾರಿ | ಮಾರುವ ಬೆಲೆ | ಪಾಕೀಟಿಗೆ ಉಳಿಯುವುದು | ಬ್ರೇಕ್ ಈವನ್ (ತಿಂಗಳಿಗೆ ಪಾಕೀಟು) |
|---|---|---|---|
| ನಾವೇ ನೇರವಾಗಿ | 90 | 38 | 474 |
| ಕಿರಾಣಿ ಅಂಗಡಿ | 90 | 22 | 819 |
| ಡಿಸ್ಟ್ರಿಬ್ಯೂಟರ್ ಮೂಲಕ | 90 | 15.50 | 1,162 |
| ಆನ್‌ಲೈನ್, 5 ಪಾಕೀಟಿನ ಪೆಟ್ಟಿಗೆ | 450 | 2 | 9,000 |
| ಆನ್‌ಲೈನ್, ಅದೇ ಪೆಟ್ಟಿಗೆ | 600 | 29 | 621 |

ಡಿಸ್ಟ್ರಿಬ್ಯೂಟರ್ ಮತ್ತು ಅಂಗಡಿ ಸೇರಿ ಶೇ 25 ತೆಗೆದುಕೊಳ್ಳುತ್ತಾರೆ, ಮುಟ್ಟಿಸುವ ಖರ್ಚು ಅವರದೇ ಎಂದು ಹಿಡಿದಿದ್ದೇನೆ. ಆನ್‌ಲೈನ್ ಪೆಟ್ಟಿಗೆಗೆ ಕಮಿಷನ್ ಶೇ 10, ಕೊರಿಯರ್ 110, ಗಟ್ಟಿ ಡಬ್ಬಿ 25.

ನೇರ ಮಾರಾಟವೇ ಒಳ್ಳೆಯದಲ್ವಾ ಎನಿಸುತ್ತದೆ. ಆದರೆ 474 ಪಾಕೀಟು ಕೊಳ್ಳುವವರು ನಿಮ್ಮ ಬಾಗಿಲಿಗೇ ಬರಬೇಕಲ್ಲ? ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಒಂದು ಮಳಿಗೆ ಹಾಕಿದರೆ ಕೆಲವೇ ದಿನದಲ್ಲಿ ಒಳ್ಳೆಯ ವ್ಯಾಪಾರ ಆಗಬಹುದು. ಉಳಿದ ತಿಂಗಳುಗಳಿಗೆ ಏನು? ಒಬ್ಬರು ಮಳಿಗೆಯಲ್ಲಿ ಕೂತರೆ ರೊಟ್ಟಿ ಬಡಿಯುವ ಕೈ ಒಂದು ಕಡಿಮೆ ಆಯಿತು. ಅಂದರೆ ತಿಂಗಳಿಗೆ 300 ಪಾಕೀಟು. ಇದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಕಿರಾಣಿಯಲ್ಲಿ ಅಡಗಿರುವ ಖರ್ಚು ಉದ್ರಿ. ಸಾವಕಾರರು ಮಾಲು ಇಟ್ಟುಕೊಳ್ಳುತ್ತಾರೆ, ದುಡ್ಡು ಮುಂದಿನ ತಿಂಗಳು ಎನ್ನುತ್ತಾರೆ. 819 ಪಾಕೀಟಿಗೆ 76.50ರಂತೆ 62 ಸಾವಿರಕ್ಕೂ ಜಾಸ್ತಿ ಹಣ ಹೊರಗೆ ನಿಂತಿತು. ಜೋಳದ ಅಡತಿಯವರು ಆವರೆಗೂ ಕಾಯುತ್ತಾರೆಯೇ? ಲಾಭ ಇದ್ದೂ ಕೈಯಲ್ಲಿ ಕಾಸಿಲ್ಲದೆ ಸಂಘ ನಿಂತುಹೋಗಬಹುದು. ನಿಮ್ಮ ರಿಪೋರ್ಟ್‌ನಲ್ಲಿ ಲಾಭ ನಷ್ಟದ ಪಟ್ಟಿ ಇದ್ದು ಹಣದ ಹರಿವಿನ ಪಟ್ಟಿ ಇಲ್ಲದಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಮುರಿದ ಪಾಕೀಟು ವಾಪಸ್ ಬಂದರೆ ಯಾರ ಲೆಕ್ಕಕ್ಕೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ಆನ್‌ಲೈನ್ ಸಾಲು ಎರಡನ್ನು ಇನ್ನೊಮ್ಮೆ ನೋಡಿ. ಊರಿನ ಬೆಲೆಗೇ ಕಳಿಸಿದರೆ ಐದು ಪಾಕೀಟಿಗೆ 10 ರೂಪಾಯಿ ಉಳಿಯುತ್ತದೆ. ಎರಡು ರೊಟ್ಟಿ ಮುರಿದರೆ ಅದೂ ಇಲ್ಲ. ಪಾಕೀಟಿಗೆ 120 ಮಾಡಿದರೆ ಕಿರಾಣಿಗಿಂತ ಮೇಲು. ಬೆಂಗಳೂರಲ್ಲಿ ಕೂತು ಊರ ರೊಟ್ಟಿ ನೆನೆಸುವವರಿಗೆ 12 ರೂಪಾಯಿಗೆ ಒಂದು ರೊಟ್ಟಿ ದುಬಾರಿ ಅನಿಸದಿರಬಹುದು, ಅದನ್ನು ಅವರನ್ನೇ ಕೇಳಬೇಕು. ಆದರೆ ಎಂಆರ್‌ಪಿ 90 ಎಂದು ಅಚ್ಚಾದ ಪಾಕೀಟನ್ನು 120ಕ್ಕೆ ಮಾರುವಂತಿಲ್ಲ. ಈ ಪೆಟ್ಟಿಗೆಗೆ ಬೇರೆ ಲೇಬಲ್ ಬೇಕು. ಒಳಗೆ ಒಂದು ಸಣ್ಣ ಪೊಟ್ಟಣ ಹಿಂಡಿ ಸೇರಿಸಿ ಬೇರೆ ಸರಕಾಗಿಯೇ ಕೊಡುವುದು ಜಾಣತನ, ಹಿಂಡಿಯ ಖರ್ಚನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ.

ಲೇಬಲ್ ಮಾತು ಬಂತು ಎಂದು ಹೇಳುತ್ತೇನೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ದಿನಾಂಕ, ವಿಳಾಸ, ಗಿರಾಕಿ ದೂರು ಕೊಡಲು ಫೋನ್ ಸಂಖ್ಯೆ, ಇವೆಲ್ಲ ಬೇಕೇ ಬೇಕು. ಚಂದದ ಲೋಗೋಗೆ ಮೂರು ಪುಟ ಕೊಟ್ಟು ಇವನ್ನು ಮರೆತ ರಿಪೋರ್ಟ್‌ಗಳು ನನ್ನ ಬೀರುವಿನಲ್ಲಿ ಸಾಕಷ್ಟಿವೆ.

ಸ್ವಂತ ಹೆಸರೋ, ಇರುವ ಹೆಸರೋ?

ಜಿಲ್ಲಾಡಳಿತವು ಸ್ವಸಹಾಯ ಸಂಘಗಳ ಜೊತೆ ಸೇರಿ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ತಂದಿದೆ. 2025ರಲ್ಲಿ ಪ್ರಧಾನಿಯವರ ಮನ್ ಕಿ ಬಾತ್‌ನಲ್ಲೂ ಇದರ ಮಾತು ಬಂತು. ಇದು ನಿಮ್ಮ ಎದುರಾಳಿಯೋ, ಆಸರೆಯೋ? ಇಂಥ ಹೆಸರಿನ ಕೆಳಗೆ ಸೇರಿದರೆ ಪ್ರಚಾರದ ಖರ್ಚು ಉಳಿಯುತ್ತದೆ. ಬದಲಿಗೆ ಬೆಲೆ, ಅಳತೆ, ಪಾಕೀಟು ಯಾವುದೂ ಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಸ್ವಂತ ಹೆಸರಿಟ್ಟರೆ ಮೊದಲ ವರ್ಷ ಯಾರಿಗೂ ಗೊತ್ತಿರುವುದಿಲ್ಲ. ಹೊಸ ಸಂಘಕ್ಕೆ ನಾನು ಸೇರುವುದನ್ನೇ ಹೇಳುತ್ತೇನೆ. ಹಿಂಡಿಗೆ ಮಾತ್ರ ಸ್ವಂತ ಹೆಸರಿಡಲಿ. ಈ ವಿಷಯದಲ್ಲಿ ನನ್ನ ಸಹೋದ್ಯೋಗಿಗಳು ನನ್ನ ಮಾತು ಒಪ್ಪುವುದಿಲ್ಲ, ಅದೂ ಇರಲಿ.

ಪ್ರಚಾರಕ್ಕೆ ಹೆಚ್ಚು ಹೇಳುವುದಿಲ್ಲ. ತಿಂಗಳಿಗೆ 1,800 ಪಾಕೀಟು ಮಾತ್ರ ಮಾಡಬಲ್ಲವರಿಗೆ ಟಿವಿ ಜಾಹೀರಾತು ಬೇಡ. ವಾಟ್ಸಾಪ್ ಗುಂಪು, ಅಂಗಡಿಯಲ್ಲಿ ಒಂದು ತುಂಡು ರುಚಿ ತೋರಿಸುವುದು, ಇಷ್ಟು ಸಾಕು.

ಸರ್ವೆ ಮತ್ತು ಅಂಕದ ಪಟ್ಟಿ

ಗೂಗಲ್ ಫಾರ್ಮ್ ಮಾಡಿ ತರಗತಿಯ ಗೆಳೆಯರಿಗೇ ಕಳಿಸಿ, "ನೀವು ಆರೋಗ್ಯಕರ ರೊಟ್ಟಿ ಕೊಳ್ಳುತ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಗೆಳೆತನ ಕೆಡಿಸಿಕೊಳ್ಳುವುದು ಯಾರಿಗೆ ಬೇಕು? ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ಹೋಗಿ ಹತ್ತು ಅಂಗಡಿ ಸುತ್ತಿ. "ಹೋದ ವಾರ ಎಷ್ಟು ಪಾಕೀಟು ಹೋಯ್ತು? ಎಷ್ಟಕ್ಕೆ? ಎಷ್ಟು ವಾಪಸ್ ಬಂತು?" ಎಂದು ಕೇಳಿ. ಗಿರಾಕಿಗೆ "ಕಡೇ ಸಲ ರೊಟ್ಟಿ ಹೊರಗೆ ಕೊಂಡದ್ದು ಯಾವಾಗ?" ಎಂದು ಕೇಳಿ. ಆಗಿಹೋದದ್ದನ್ನು ಕೇಳಿದರೆ ಜನ ನಿಜ ಹೇಳುತ್ತಾರೆ.

ಇನ್ನು ಒಂದೊಂದು ಆಯ್ಕೆಗೆ ಅಂಕ ಕೊಟ್ಟು ತೂಕ ಹಾಕುವ ಪಟ್ಟಿ. ನೋಡಲು ಚಂದ, ಆದರೆ ಮೊದಲೇ ಮನಸ್ಸಲ್ಲಿ ಇದ್ದ ಆಯ್ಕೆ ಗೆಲ್ಲುವಂತೆ ತೂಕ ತಿದ್ದುವುದು ಬಹಳ ಸುಲಭ. ನಾನೂ ತಿದ್ದಿದ್ದೇನೆ. ಅದರ ಬದಲು ಒಂದು ಅಂಕಿಯನ್ನು ಅಲುಗಾಡಿಸಿ ನೋಡಿ. ಜೋಳ 40ರಿಂದ 55ಕ್ಕೆ ಹೋದರೆ ಪಾಕೀಟಿಗೆ 6.75 ಖರ್ಚು ಏರುತ್ತದೆ. ಕಿರಾಣಿಯಲ್ಲಿ ಉಳಿಯುವುದು 15.25, ಬ್ರೇಕ್ ಈವನ್ 1,181. ಇನ್ನೂ 1,800ರ ಒಳಗಿದೆ, ಬದುಕುತ್ತದೆ. ಡಿಸ್ಟ್ರಿಬ್ಯೂಟರ್ ದಾರಿಯಲ್ಲಿ ಉಳಿಯುವುದು 8.75 ಮಾತ್ರ, ಬ್ರೇಕ್ ಈವನ್ 2,058. ಅಲ್ಲಿಗೆ ಮುಗಿಯಿತು. ಈ ಎರಡು ಸಾಲು ವೈವಾದಲ್ಲಿ ಹೇಳಿದರೆ ಪರೀಕ್ಷಕರು ತಲೆ ಎತ್ತಿ ನೋಡುತ್ತಾರೆ.

ಬೀದರ್, ಯಾದಗಿರಿಯವರಿಗೆ

ಬೀದರಿನ ವಿದ್ಯಾರ್ಥಿಗಳು ಬಿದ್ರಿ ಕಲೆ ಆರಿಸಿಕೊಂಡರೆ ಮೇಲಿನ ತೀರ್ಮಾನಗಳನ್ನು ಹಾಗೇ ನಕಲು ಮಾಡಬೇಡಿ. ಸತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರುವ ಕೆಲಸ ಅದು. ಕೊಳ್ಳುವವರು ಕಡಿಮೆ, ಕೊಂಡರೆ ಉಡುಗೊರೆಗೆ. ಅಲ್ಲಿ ಖರ್ಚಿನ ಮೇಲೆ ಇಷ್ಟು ಶೇಕಡ ಸೇರಿಸುವ ಬೆಲೆಗಿಂತ, ನೋಡಿದವರು ಎಷ್ಟು ಬೆಲೆ ಕಟ್ಟುತ್ತಾರೆ ಎಂಬುದರಿಂದ ಶುರು ಮಾಡಿ. ಒಂದು ದೊಡ್ಡ ಹೂದಾನಿಯೋ, ಅಥವಾ ಅದೇ ಬೆಳ್ಳಿಯಲ್ಲಿ ಇಪ್ಪತ್ತು ಕೀಚೈನೋ ಎಂಬ ಹೋಲಿಕೆಯೇ ಒಂದು ಪೂರ್ತಿ ಪ್ರಾಜೆಕ್ಟ್ ಆಗುತ್ತದೆ. ಯಾದಗಿರಿಯವರಿಗೆ ಶೇಂಗಾ ಇದೆ. ಅಲ್ಲಿ ಎಣ್ಣೆಯೋ, ಹಿಂಡಿಯೋ, ಚಿಕ್ಕಿಯೋ ಎಂದು ಕೇಳಿಕೊಳ್ಳಿ, ಕೆಡುವ ದಿನದ ಲೆಕ್ಕದಿಂದ ಶುರು ಮಾಡಿ.

ನಮ್ಮ ಆ ಹಳೆಯ ರಿಪೋರ್ಟ್ ಈಗ ಬರೆದಿದ್ದರೆ ಕಡಕ್ ರೊಟ್ಟಿ ಒಂದೇ, 90 ರೂಪಾಯಿ, ಊರಲ್ಲಿ ನಲವತ್ತು ಕಿರಾಣಿ ಅಂಗಡಿ, ಹೊರ ಊರಿಗೆ 600ರ ಪೆಟ್ಟಿಗೆ ಎಂದು ಬರೆಯುತ್ತಿದ್ದೆ. ಬಿಟ್ಟದ್ದು ಮೆತ್ತನೆ ರೊಟ್ಟಿ, ಬೇಳೆ, ಡಿಸ್ಟ್ರಿಬ್ಯೂಟರ್, ಬಿಸ್ಕತ್ತು. ಹಾಸ್ಟೆಲ್ ಒಂದು ದಿನಾ 300 ಮೆತ್ತನೆ ರೊಟ್ಟಿಗೆ ವರ್ಷದ ಕರಾರು ಮಾಡಿ ವಾರಕ್ಕೊಮ್ಮೆ ದುಡ್ಡು ಕೊಡುತ್ತೇನೆ ಎಂದರೆ ಮಾತ್ರ ಈ ಲೆಕ್ಕವನ್ನು ಮತ್ತೆ ತೆಗೆಯುತ್ತಿದ್ದೆ.